ಹಿರಿಯೂರಿನಲ್ಲಿ ಗುರುತ್ವ ನಾಲ್ಕು ಪಟ್ಟು

ಭೌತಶಾಸ್ತ್ರವನ್ನು ಆರು ವಾರದಲ್ಲಿ ಮುಗಿಸಿಬಿಡಬಹುದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಏಕೆಂದರೆ ಎಸ್ಸೆಸ್ಸೆಲ್ಸಿ ಆದ ಮೇಲೆ ನಾನು ಅದರ ಮುಖ ನೋಡಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಾನು ಬಿ.ಎ. ಮುಗಿಸಿ, ಬಿ.ಇಡಿ. ಸೀಟಿಗೆ ಅರ್ಜಿ ಹಾಕಿ, ಹಿರಿಯೂರಿನ ನಮ್ಮ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ‘ಸುಮ್ಮನೆ ಕೂತಿದ್ದ’ ಎನ್ನುವುದು ಅಮ್ಮನ ಮಾತು. ನಾನು ಚಿಂತನೆ ನಡೆಸುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಹನ್ನೊಂದು ಬಹುಮಾನ ಹೊಡೆದವನಿಗೆ ಬೇರೆ ಕೆಲಸ ಏನಿರುತ್ತದೆ? ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ಒಮ್ಮೆ ಚಿತ್ರದುರ್ಗದಲ್ಲಿ ಬೆಳಿಗ್ಗೆ ‘ಟೀವಿ ಮನೆಗೆ ಮಾರಕ’ ಎಂದು ವಾದಿಸಿ ಮೊದಲ ಬಹುಮಾನ ಪಡೆದು, ಮಧ್ಯಾಹ್ನ ಇನ್ನೊಂದು ಕಾಲೇಜಿನಲ್ಲಿ ‘ಟೀವಿ ಮನೆಗೆ ಪೂರಕ’ ಎಂದು ವಾದಿಸಿ ಎರಡನೆಯದನ್ನೂ ಪಡೆದಿದ್ದೆ. ಗೆದ್ದ ಕಪ್ಪುಗಳಲ್ಲಿ ಅಮ್ಮ ಸಾಸಿವೆ, ಮೆಂತ್ಯ ತುಂಬಿಟ್ಟಿದ್ದಳು. ಒಂದರಲ್ಲಿ ಹುಣಸೆಹಣ್ಣು ಇಟ್ಟಿದ್ದರಿಂದ ರಾಜ್ಯಮಟ್ಟದ ಆ ಕಪ್ಪು ಒಳಗಿಂದ ಹಸಿರಾಗಿಹೋಗಿತ್ತು. ದೆವ್ವ, ಶಕುನ, ಜಾತಕ, ದೃಷ್ಟಿ ಇವುಗಳಿಗೆಲ್ಲ ನಾನು ಎಂದೋ ವಿದಾಯ ಹೇಳಿದ್ದೆ. ಸಾಕ್ಷ್ಯ ತೋರಿಸದೆ ನನ್ನ ಮುಂದೆ ಯಾರೂ ಏನನ್ನೂ ಹೇಳುವಂತಿರಲಿಲ್ಲ. ಹಾಗಾಗಿ ಯಾರೂ ಏನನ್ನೂ ಹೇಳುತ್ತಿರಲಿಲ್ಲ.

ಆ ವರ್ಷ ನನ್ನ ತಂಗಿ ಶೈಲಾ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಳು. ಅವಳಿಗೆ ಸೈನ್ಸ್ ಬೇಕು. ಅಪ್ಪ ಕರೆದುಕೊಂಡು ಹೋಗಿ ಆರ್ಟ್ಸಿಗೆ ಸೇರಿಸಿ ಬಂದರು. ಅಪ್ಪ ಹಿರಿಯೂರು–ಹೊಸದುರ್ಗ ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಅವರ ತೀರ್ಮಾನ ಎಂದರೆ ವಿಸಲ್ ಊದಿದ ಹಾಗೆ, ಆಮೇಲೆ ಬಸ್ಸು ನಿಲ್ಲುವುದಿಲ್ಲ.

“ಸೈನ್ಸು ಅಂದ್ರೆ ಟ್ಯೂಷನ್ ಬೇಕು. ಟ್ಯೂಷನ್ ಇರೋದು ದುರ್ಗದಾಗೆ. ದಿನಾ ಬಸ್ನಾಗೆ ಹೋಗಿ ಬಂದು ಹುಡುಗಿ ಓದೋದು ಯಾವಾಗ? ಬಸ್ಸಿನ ಸುಸ್ತು ಏನಂತ ನನ್ನ ಕೇಳು. ಮನೇಲಿ ಫಿಸಿಕ್ಸ್ ಬರೋರು ಒಬ್ರಾದ್ರೂ ಇದ್ದಿದ್ರೆ ಮಾತು ಬ್ಯಾರೆ ಇತ್ತು.”

ಶೈಲಾ ತಟ್ಟೆ ನೋಡುತ್ತಾ ಅನ್ನ ಕಲಸುತ್ತಲೇ ಇದ್ದಳು. ಸಾರು ಹಾಕಿಕೊಂಡಿರಲೇ ಇಲ್ಲ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. ‘ಮಾನ್ಯ ತೀರ್ಪುಗಾರರೇ’ ಎನ್ನುವುದೊಂದು ಬಾಕಿ.

“ಅಪ್ಪ, ಫಿಸಿಕ್ಸ್ ಬರೋರು ಇಲ್ಲ ಅನ್ನೋದು ಇವತ್ತಿನ ಪರಿಸ್ಥಿತಿ. ಅದೇ ಶಾಶ್ವತ ಅಂತ ಯಾಕೆ ತಿಳ್ಕಂತೀಯ? ನಾನು ಕಲ್ತು ಇವಳಿಗೆ ಹೇಳ್ಕೊಡ್ತೀನಿ.”

“ನೀನಾ?”

“ನಾನೇ.”

“ಗಣಿತದಾಗೆ ಎಷ್ಟು ಬಂದಿತ್ತಲೇ ನಿಂಗೆ ಎಸ್ಸೆಸ್ಸೆಲ್ಸೀಲಿ?”

“ಇದು ವೈಯಕ್ತಿಕ ನಿಂದನೆ. ವಿಷಯಕ್ಕೆ ಬಾ.”

ಮೂವತ್ತಾರು ಬಂದಿತ್ತು. ಅದು ವಿಷಯಕ್ಕೆ ಸಂಬಂಧಪಟ್ಟದ್ದಲ್ಲ.

ಅಪ್ಪ ಕೈ ತೊಳೆದು ಬಂದು ಹೇಳಿದರು: “ಆತಪ್ಪ. ಕಾಲೇಜ್ನಾಗೆ ಆರ್ಟ್ಸಿಂದ ಸೈನ್ಸಿಗೆ ಬದಲಾಯಿಸ್ಕಳಾಕೆ ಇನ್ನೂ ಆರು ವಾರ ಟೈಮೈತೆ. ಅಷ್ಟರಾಗೆ ಎಲ್ಲಾದ್ರೂ ಓದಿ ಪಾಸಾಗಿ ತೋರ್ಸು. ಇವಳ್ನ ಸೈನ್ಸಿಗೆ ಹಾಕ್ತೀನಿ. ಇಲ್ಲಾಂದ್ರೆ ಇಬ್ರೂ ಬಾಯಿ ಮುಚ್ಕಂಡಿರ್ರಿ.”

“ಅಣ್ಣ, ನಿಜವಾಗ್ಲೂ ಕಲೀತೀಯಾ?” ಶೈಲಾ ಕೇಳಿದಳು. ಅವಳ ಕಣ್ಣಲ್ಲಿ ಇದ್ದ ನಂಬಿಕೆಯನ್ನು ಈಗ ನೆನೆದರೂ ನನಗೆ ಬೆವರು ಬರುತ್ತದೆ.

ಬಸ್ ಸ್ಟ್ಯಾಂಡಿನ ಹಿಂದೆ ಜೆರಾಕ್ಸ್ ಅಂಗಡಿಯೊಳಗೆ ಎರಡು ಕಂಪ್ಯೂಟರಿನ ಒಂದು ಸೈಬರ್ ಸೆಂಟರ್ ಇತ್ತು. ಅಲ್ಲಿ ಕೂತು ಹುಡುಕಿದಾಗ ಯಾವುದೋ ಹೊರದೇಶದ ವಿಶ್ವವಿದ್ಯಾಲಯದ ಉಚಿತ ಕೋರ್ಸೊಂದು ಸಿಕ್ಕಿತು. ‘ಕ್ಯಾಲ್ಕುಲಸ್ ಇಲ್ಲದ ಭೌತಶಾಸ್ತ್ರ ಪ್ರವೇಶ’. ನಾನು ಕುಣಿದಾಡಿದೆ. ಕ್ಯಾಲ್ಕುಲಸ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ ವಸ್ತು ಇಲ್ಲ ಎಂದರೆ ಯಾರಿಗೆ ತಾನೇ ಸಂತೋಷವಾಗುವುದಿಲ್ಲ? ಲೆಕ್ಕವೇ ಇಲ್ಲ ಎಂದು ಅರ್ಥ ಮಾಡಿಕೊಂಡು ಹೆಸರು ನೋಂದಾಯಿಸಿದೆ. ಮೊದಲ ಪಾಠದಲ್ಲೇ ಎಕ್ಸ್, ವೈ, ವರ್ಗಮೂಲ ಎಲ್ಲವೂ ಬಾಗಿಲಲ್ಲಿ ಕಾಯುತ್ತಿದ್ದವು. ಈರುಳ್ಳಿ ಹಾಕಿಲ್ಲ ಎಂದದ್ದನ್ನು ಕೇಳಿ, ಮೆಣಸಿನಕಾಯಿಯನ್ನೂ ಹಾಕಿರಲಾರರು ಎಂದು ದೊಡ್ಡ ತುತ್ತು ಬಾಯಿಗಿಟ್ಟವನ ಸ್ಥಿತಿ ನನ್ನದಾಯಿತು.

ಇಂಟರ್ನೆಟ್ಟು ಫೋನಿನ ತಂತಿಯಲ್ಲಿ ತೆವಳಿಕೊಂಡು ಬರುವ ಕಾಲ. ಸೇಬು ಬಿದ್ದ ಸಾಹೇಬರ ಚಿತ್ರವೊಂದಿತ್ತು. ತಲೆಗೂದಲು ಬಂದು ಕಾಲು ಗಂಟೆಯಾದ ಮೇಲೆ ಮೂಗು ಬಂತು. ಗದ್ದ ಬರುವಷ್ಟರಲ್ಲಿ ಕರೆಂಟು ಹೋಯಿತು. ಹಾಗಾಗಿ ಪಾಠಗಳನ್ನು ಪ್ರಿಂಟು ಹಾಕಿಸಿ ಮನೆಗೆ ತರುತ್ತಿದ್ದೆ. ನಾನು ಓದಿ ಮುಗಿಸಿದ ಹಾಳೆಗಳನ್ನು ಶೈಲಾ ತೆಗೆದುಕೊಂಡು ಹೋಗಿ ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಪಾಪ, ಅಣ್ಣನ ಬೆವರಿನ ಫಲ ಉಣ್ಣಲಿ ಎಂದು ನಾನು ಉದಾರವಾಗಿ ಬಿಡುತ್ತಿದ್ದೆ.

ಮೊದಲ ಪರೀಕ್ಷೆ ಬಂತು. ಒಂದು ಪ್ರಶ್ನೆ ಹೀಗಿತ್ತು: ಓಡುತ್ತಿರುವ ಬಸ್ಸಿಗೆ ಬ್ರೇಕು ಹಾಕಿದಾಗ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸಲು ಕಾರಣವೇನು? ನಾನು ಒಂದು ಕ್ಷಣವೂ ಯೋಚಿಸದೆ ‘ಚಾಲಕನ ನಿರ್ಲಕ್ಷ್ಯ’ ಎಂದು ಬರೆದೆ. ಹತ್ತಕ್ಕೆ ಮೂರು ಬಂತು. ರಾತ್ರಿ ಊಟಕ್ಕೆ ಕೂತಾಗ ಈ ಅನ್ಯಾಯವನ್ನು ಹೇಳಿಕೊಂಡೆ. ಅಪ್ಪ ನನ್ನ ಪರ ನಿಲ್ಲುವ ಬದಲು ಕೆರಳಿ ಕೆಂಡವಾದರು.

“ಡ್ರೈವರ್ ಏನಲೇ ಮಾಡ್ತಾನೆ? ಬಸ್ಸು ನಿಲ್ತೈತೆ, ಒಳಗಿರೋರು ನಿಲ್ಲಲ್ಲ, ಮುಂದಕ್ಕೇ ಹೋಗ್ತಿರ್ತಾರೆ. ಅದಕ್ಕೇ ಕಂಬಿ ಹಿಡ್ಕಳ್ರಿ, ಕಂಬಿ ಹಿಡ್ಕಳ್ರಿ ಅಂತ ಇಪ್ಪತ್ತೈದು ವರ್ಷದಿಂದ ಬಾಯಿ ಬಡ್ಕಂತಿದೀನಿ!”

ಶೈಲಾ ನೋಟ್ ಬುಕ್ಕು ತೆರೆದು ನೋಡಿ, “ಅಪ್ಪ ಹೇಳಿದ್ದೇ ಸರಿ ಉತ್ತರ ಅಣ್ಣ. ಮೊದಲ್ನೇ ನಿಯಮ” ಎಂದಳು.

ಇಪ್ಪತ್ತೈದು ವರ್ಷ ಬಸ್ಸಿನಲ್ಲಿ ನಿಂತೇ ಇದ್ದವರಿಗೆ ಅನುಕೂಲವಾಗುವ ಪ್ರಶ್ನೆ ಕೇಳುವುದು ಪಕ್ಷಪಾತ ಎಂದು ನಾನು ವಿಶ್ವವಿದ್ಯಾಲಯಕ್ಕೆ ಈಮೇಲ್ ಬರೆದೆ.

ಅಲ್ಲಿಂದ ಶುರುವಾಯಿತು ನನ್ನ ಪತ್ರವ್ಯವಹಾರ. ಪ್ರತಿ ಪರೀಕ್ಷೆಗೆ ಒಂದು ಆಕ್ಷೇಪಣೆ. ‘ಸನ್ಮಾನ್ಯರೇ, ತಮ್ಮ ನಾಲ್ಕನೆಯ ಪ್ರಶ್ನೆಯು ಪೂರ್ವಗ್ರಹದಿಂದ ಕೂಡಿದೆ’, ‘ಸನ್ಮಾನ್ಯರೇ, ಘರ್ಷಣೆ ಇಲ್ಲವೆಂದು ಭಾವಿಸಿಕೊಳ್ಳಿ ಎನ್ನುತ್ತೀರಿ, ಯಾವ ಆಧಾರದ ಮೇಲೆ ಭಾವಿಸಲಿ?’ ಅತ್ತಲಿಂದ ಮಾರ್ಗದರ್ಶಕರೊಬ್ಬರು ಪ್ರತಿ ಸಲವೂ ಎರಡೇ ಸಾಲು ಬರೆಯುತ್ತಿದ್ದರು: ಧನ್ಯವಾದಗಳು. ಉತ್ತರದಲ್ಲಿ ಬದಲಾವಣೆ ಇಲ್ಲ.

ಎಳೆದಷ್ಟೇ ಬಲದಲ್ಲಿ ವಸ್ತು ತಿರುಗಿ ಎಳೆಯುತ್ತದೆ ಎಂಬ ನಿಯಮ ಬಂದಾಗಲಂತೂ ನಾನು ಅವರ ಕುತ್ತಿಗೆಗೇ ಕೈ ಹಾಕಿದೆ. “ನೋಡು ಶೈಲಾ, ಸಿಕ್ಕಿಬಿದ್ದರು! ಎತ್ತು ಗಾಡಿಯನ್ನು ಎಳೀತೈತೆ, ಗಾಡಿ ಅಷ್ಟೇ ಜೋರಾಗಿ ಎತ್ತನ್ನ ಎಳೀತೈತೆ. ಹಂಗಾದ್ರೆ ಗಾಡಿ ಅಲ್ಲಾಡಲೇಬಾರದು. ನಮ್ಮ ಸಂತೆಗೆ ಗಾಡಿಗಳು ಹೆಂಗೆ ಬರ್ತಾವೆ?”

“ಎತ್ತು ಕಾಲಿಂದ ನೆಲಾನ ಹಿಂದಕ್ಕೆ ಒದೀತೈತಲ್ಲಣ್ಣ. ನೆಲ ಎತ್ತನ್ನ ಮುಂದಕ್ಕೆ ತಳ್ತೈತೆ. ಆ ಲೆಕ್ಕ ಬಿಟ್ಟೀಯ.”

“ಅದನ್ನ ಅವರು ಎಲ್ಲೂ ಹೇಳಿಲ್ಲ.”

“ಹೇಳವ್ರೆ. ಎರಡನೇ ಪುಟ. ನೀನು ಆಗ ಆಕ್ಷೇಪಣೆ ಬರೀತಿದ್ದೆ.”

ಐದು ವಾರ ಕಳೆಯಿತು. ಒಟ್ಟು ನೂರು ಅಂಕ, ಪಾಸಾಗಲು ಐವತ್ತು. ಪರೀಕ್ಷೆಗಳಿಗೆಂದು ಇದ್ದ ಅರವತ್ತರಲ್ಲಿ ನನಗೆ ಬಂದದ್ದು ಇಪ್ಪತ್ತೆರಡು. ಉಳಿದ ನಲವತ್ತು ಒಂದೇ ಒಂದು ಪ್ರಯೋಗಕ್ಕೆ. ಅದರಲ್ಲಿ ಇಪ್ಪತ್ತೆಂಟು ತೆಗೆದರೆ ಶೈಲಾ ಸೈನ್ಸಿಗೆ. ಒಂದು ಕಮ್ಮಿಯಾದರೂ ಆರ್ಟ್ಸಿನಲ್ಲೇ.

ಪ್ರಯೋಗ ಸುಲಭವಾಗಿತ್ತು. ದಾರಕ್ಕೆ ಒಂದು ಸಣ್ಣ ಗುಂಡು ಕಟ್ಟಿ ತೂಗುಬಿಟ್ಟು ಲೋಲಕ ಮಾಡಬೇಕು. ಅದು ಇಪ್ಪತ್ತು ಸಲ ತೂಗಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ನೋಡಿ, ಅದರಿಂದ ತಮ್ಮ ಊರಿನ ಗುರುತ್ವ ಎಷ್ಟೆಂದು ಲೆಕ್ಕ ಹಾಕಬೇಕು. ಒಂಬತ್ತು ಪಾಯಿಂಟ್ ಎಂಟರ ಆಸುಪಾಸು ಬರಬೇಕು. ಶೈಲಾ ಹೊಲಿಗೆ ದಾರ, ಒಂದು ನಟ್ಟು ತಂದಿಟ್ಟಳು. ನನಗೆ ನಗು ಬಂತು. ನಲವತ್ತು ಅಂಕಕ್ಕೆ ಒಂದು ನಟ್ಟೇ?

ಎದುರುಮನೆಯ ತಿಪ್ಪೇಸ್ವಾಮಣ್ಣ ಮಾರಿಕಣಿವೆ ಅಣೆಕಟ್ಟಿನ ನೀರಾವರಿ ಕೆಲಸದಿಂದ ನಿವೃತ್ತರಾಗಿ ಆ ವರ್ಷವಷ್ಟೇ ಮಹಡಿ ಮನೆ ಕಟ್ಟಿಸಿದ್ದರು. ದೃಷ್ಟಿಗೆಂದು ಒಂದು ಭಾರಿ ಬೂದುಗುಂಬಳಕಾಯಿಯನ್ನು ಹಗ್ಗದ ಬಲೆಯಲ್ಲಿ ಹಾಕಿ ಕಟ್ಟಿದ್ದರು. ಎಲ್ಲರಂತೆ ಬಾಗಿಲ ಮೇಲೆ ಗಿಡ್ಡಕ್ಕೆ ಕಟ್ಟಿದರೆ ರಸ್ತೆಗೆ ಕಾಣುವುದಿಲ್ಲ, ಕೆಟ್ಟ ಕಣ್ಣು ಮೊದಲು ಕಾಯಿಯ ಮೇಲೇ ಬೀಳಬೇಕು ಎಂದು ಮಹಡಿಯ ಸಜ್ಜೆಯಿಂದ ಉದ್ದಕ್ಕೆ ಇಳಿಬಿಟ್ಟಿದ್ದರು. ನಾನು ದಿನಾ ಅದನ್ನು ನೋಡಿ ಮೂಢನಂಬಿಕೆ ಎಂದು ನಿಟ್ಟುಸಿರು ಬಿಡುತ್ತಿದ್ದೆ. ಅವತ್ತು ನೋಡಿದರೆ, ಆಹಾ! ಲೋಲಕ!

ಮಧ್ಯಾಹ್ನ ಅವರ ಮನೆಯವರೆಲ್ಲ ಉಂಡು ಮಲಗಿದ ಹೊತ್ತಿನಲ್ಲಿ ನಾವು ಹೊರಟೆವು. ಶೈಲಾ ಹೊರಗಿನ ಮೆಟ್ಟಿಲಿನಿಂದ ಮೇಲೆ ಹೋಗಿ ಟೇಪು ಇಳಿಬಿಟ್ಟು ಅಳೆದಳು. ಹಗ್ಗದ ತುದಿಗೆ ನಿಲ್ಲಿಸದೆ ಕಾಯಿಯ ನಡುಮಧ್ಯದ ತನಕ ಅಳೆಯಬೇಕೆಂದು ಹಟ ಹಿಡಿದಳು. ಎರಡೂಕಾಲು ಮೀಟರು ಬಂತು. ಅವಳು ಮೇಲೇ ನಿಂತು ಗಂಟು ಜರುಗದಂತೆ ನೋಡಿಕೊಂಡಳು. ನಾನು ಕೆಳಗಿನಿಂದ ಸೀಬೆಹಣ್ಣು ಕೀಳುವ ದೋಟಿಯಲ್ಲಿ ಕಾಯಿಯನ್ನು ಮೆಲ್ಲಗೆ ನೂಕಿ, ಕೈಗಡಿಯಾರ ಹಿಡಿದು ಎಣಿಸಿದೆ. ಹೋಯಿತು, ಒಂದು. ಬಂತು, ಎರಡು. ಹೋಯಿತು, ಮೂರು. ಇಪ್ಪತ್ತಕ್ಕೆ ಸರಿಯಾಗಿ ಮೂವತ್ತು ಸೆಕೆಂಡು. ಮನೆಗೆ ಬಂದು ಸೂತ್ರಕ್ಕೆ ಹಾಕಿದೆ.

ಮೂವತ್ತೊಂಬತ್ತೂವರೆ!

ಸಾಮಾನ್ಯ ಮನುಷ್ಯನಾಗಿದ್ದರೆ ಎಲ್ಲೋ ತಪ್ಪಿರಬೇಕು ಎನ್ನುತ್ತಿದ್ದ. ಚರ್ಚಾಪಟುವಿಗೆ ಅಂಥ ದೌರ್ಬಲ್ಯ ಇರುವುದಿಲ್ಲ. ಜಗತ್ತಿನ ಬೇರೆ ಊರುಗಳಿಗಿಂತ ನಮ್ಮ ಹಿರಿಯೂರಿನಲ್ಲಿ ಗುರುತ್ವ ನಾಲ್ಕು ಪಟ್ಟು ಇದೆ ಎಂದರೆ ಇದೆ. ಯಾಕಿರಬಾರದು? ಕೂತು ನಾಲ್ಕು ಪುಟದ ಪ್ರಬಂಧ ಬರೆದೆ: ‘ದುರ್ಗದ ಬಂಡೆಗಳೂ ಗುರುತ್ವವೂ, ಒಂದು ಮರುಚಿಂತನೆ’. ಇಡೀ ಸೀಮೆಯೇ ಬಂಡೆ, ಬಂಡೆಗೆ ತೂಕ ಹೆಚ್ಚು, ತೂಕಕ್ಕೆ ಎಳೆತ ಹೆಚ್ಚು. ಸಾಕ್ಷ್ಯ ಒಂದು: ದುರ್ಗದ ಕೋಟೆ ಹತ್ತಿದವರಿಗೆಲ್ಲ ಮಂಡಿ ನೋವು ಬರುತ್ತದೆ. ಸಾಕ್ಷ್ಯ ಎರಡು: ನಮ್ಮ ತಾಯಿಯವರ ಕೈಯಿಂದ ಸ್ಟೀಲಿನ ಲೋಟ ಬಿದ್ದರೆ ಮೂರು ಮನೆಗೆ ಕೇಳುತ್ತದೆ.

ಶೈಲಾ ಓದಿ ಹಣೆ ಗಂಟಿಕ್ಕಿದಳು. “ಅಣ್ಣ, ದುರ್ಗದ ಬಂಡೆ ಎಳೀತೈತೆ ಅಂದ್ರೆ ಕಾಯಿ ದುರ್ಗದ ಕಡೀಕೆ ವಾಲ್ಕಂಡಿರಬೇಕಲ್ಲ? ಅದು ನೆಟ್ಟಗೆ ಕೆಳಕ್ಕೇ ಐತೆ.”

“ಕೆಳಗೂ ಬಂಡೆ ಐತೆ.”

“ತಿಪ್ಪೇಸ್ವಾಮಣ್ಣ ಬೋರು ಕೊರೆಸಿದಾಗ ಬರೀ ಮಣ್ಣು ಬಂತು.”

“ಅದರ ಕೆಳಗೆ!”

ಅವಳು ಸುಮ್ಮನಾದಳು. ನಾನು ಗೆದ್ದೆ. ಅದೇ ಸಂಜೆ ಸೈಬರ್ ಸೆಂಟರಿಗೆ ಹೋಗಿ ಪ್ರಬಂಧವನ್ನು ಕಳಿಸಿಯೂ ಬಿಟ್ಟೆ.

ಆದರೆ ಶೈಲಾ ಸುಮ್ಮನಾದದ್ದು ಒಪ್ಪಿದ್ದಕ್ಕಲ್ಲ. ಮಾರನೆಯ ದಿನ, “ಇನ್ನೊಂದು ಸಲ ಮಾಡಾಣ. ಈ ಸಲ ಎಣಿಸೋದು ನಾನು” ಎಂದಳು. ಸರಿ, ಇವಳ ಅನುಮಾನವೂ ಪರಿಹಾರವಾಗಲಿ ಎಂದು ಮತ್ತೆ ದೋಟಿ ಹಿಡಿದು ಹೋದೆ. ಅವಳು ಗೇಟಿನ ಹತ್ತಿರ ಗಡಿಯಾರ ಹಿಡಿದು ನಿಂತಳು. ನಾನು ಕಂಬದ ಹಿಂದಿನಿಂದ ಕಾಯಿಯನ್ನು ನೂಕಿದೆ. ಅಷ್ಟರಲ್ಲಿ ಬಾಗಿಲು ತೆಗೆದು ಹೊರಬಂದವರು ತಿಪ್ಪೇಸ್ವಾಮಣ್ಣನ ಹೆಂಡತಿ ಗೌರಮ್ಮ.

“ಅಯ್ಯಯ್ಯಪ್ಪಾ! ಗಾಳಿ ಇಲ್ಲ ಗೀಳಿ ಇಲ್ಲ, ಕಾಯಿ ತೂಗಾಡ್ತೈತೆ ಬರ್ರೀ!”

ತಿಪ್ಪೇಸ್ವಾಮಣ್ಣ ಪಂಚೆ ಕಟ್ಟಿಕೊಳ್ಳುತ್ತಾ ಬಂದರು. ಅಕ್ಕಪಕ್ಕದವರು ಬಂದರು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಸೈಕಲ್ಲು ನಿಲ್ಲಿಸಿದರು. ‘ನಾನೇ ನೂಕಿದ್ದು’ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎರಡೇ ಪದ. ಆದರೆ ಹತ್ತು ಜನ ಒಂದು ಕಡೆ ಸೇರಿ, ಬಾಯಿ ತೆರೆದು, ತಲೆ ಎತ್ತಿ ನೋಡುತ್ತಿದ್ದಾರೆ! ಬಿ.ಎ. ಮುಗಿದ ಮೇಲೆ ನನಗೆ ಸಭೆಯೇ ಸಿಕ್ಕಿರಲಿಲ್ಲ. ಕಂಬದ ಹಿಂದಿನಿಂದ ಹೊರಬಂದು ಕಾಯಿಯ ಕೆಳಗೆ ನಿಂತೆ.

“ಮಹನೀಯರೇ! ಇದು ದೆವ್ವವಲ್ಲ, ದೃಷ್ಟಿಯಲ್ಲ. ಇದು ಲೋಲಕ!”

“ಏನಪ್ಪ ರಂಗ, ಅದು ನಮ್ಮನೆ ಕಾಯಿ” ಎಂದರು ತಿಪ್ಪೇಸ್ವಾಮಣ್ಣ. “ನಿನ್ನ ಲೋಲಕ ಗೀಲಕ ಎಲ್ಲ ನಿಮ್ಮನೇಲಿಟ್ಕ.”

“ಅಣ್ಣ, ಆ ಕಡೆ ಬಾ. ಬಲೆ ಹರಿಯೋ ಹಂಗೈತೆ” ಎಂದಳು ಶೈಲಾ.

ಮಾತಿನ ಮಧ್ಯೆ ಬಾಯಿ ಹಾಕುವವರಿಗೆ ನಾನು ಯಾವತ್ತೂ ಮಣಿದವನಲ್ಲ. “ವಿಜ್ಞಾನದ ಈ ಯುಗದಲ್ಲಿ ಒಂದು ತರಕಾರಿಗೆ ಹೆದರುವುದೇ? ಈ ಕಾಯಿಯಲ್ಲಿ ಯಾವ ಶಕ್ತಿಯೂ ಇಲ್ಲ ಎಂದು ನಾನು ಸಾರಿ ಹೇಳುತ್ತೇನೆ! ಇದ್ದದ್ದೇ ಆದರೆ, ಇದರ ಕೆಳಗೇ ನಿಂತು ಇದನ್ನು ಧಿಕ್ಕರಿಸುತ್ತಿರುವ ನನ್ನನ್ನು ಇದು ಈ ಕ್ಷಣವೇ...”

ಉಳಿದ ವಾಕ್ಯವನ್ನು ಕಾಯಿ ಪೂರ್ತಿ ಮಾಡಿತು.

ನನ್ನ ಹೆಗಲು ಸವರಿಕೊಂಡು ಬಂದು ಕಾಲ ಬುಡದಲ್ಲಿ ಢಬ್ಬೆಂದು ಒಡೆಯಿತು. ಹೊರಗೆ ಬೆಳ್ಳಗೆ ಬೂದಿ ಬಳಿದ ಹಾಗಿದ್ದ ಕಾಯಿ ಒಳಗೆ ಎರಡು ತಿಂಗಳಿಂದ ಕೊಳೆತು ಸಾರಾಗಿತ್ತು. ಆ ಸಾರು ನನ್ನ ಪ್ಯಾಂಟು, ಅಂಗಿ, ಹುಬ್ಬು ಎಲ್ಲ ಕಡೆಗೂ ಸಮನಾಗಿ ಹಂಚಿಹೋಯಿತು. ಬೀಜವೊಂದು ಕೆಳತುಟಿಗೆ ಅಂಟಿಕೊಂಡಿತು. ನಾನು ನೆಲಕ್ಕೆ ಕೂತು “ಅಮ್ಮಾ” ಎಂದೆ. ಸಭೆ ಕೈಮುಗಿಯಿತು. ನನಗಲ್ಲ, ಕಾಯಿಗೆ.

“ಕಂಡ್ರಾ! ಎಂಥಾ ದೃಷ್ಟಿ ಇತ್ತೋ ಏನೋ, ಕಾಯಿ ತಗಂಡು ಬಿತ್ತು” ಎಂದರು ಗೌರಮ್ಮ, ಬಹಳ ಸಮಾಧಾನದಿಂದ. ಸುತ್ತಮುತ್ತಲಿನ ಎಷ್ಟೋ ಮನೆಗಳು ಆ ವಾರ ಹೊಸ ಕುಂಬಳಕಾಯಿ ಕಟ್ಟಿಸಿಕೊಂಡವು. ವೈಚಾರಿಕತೆಗೆ ನನ್ನ ಕೊಡುಗೆ ಇಷ್ಟು.

ಶೈಲಾ ಹತ್ತಿರ ಬಂದು ನೋಡಿದಳು. “ಏಟು ಬಿತ್ತಾ ಅಣ್ಣ?”

“ಹೆಗಲು ತರಚೈತೆ.”

“ನಾಲ್ಕು ಪಟ್ಟು ಗುರುತ್ವ ಇದ್ದಿದ್ರೆ ಬರೀ ತರಚ್ತಿರ್ಲಿಲ್ಲ. ಬೀಳೋದ್ರೊಳಗೆ ಹತ್ತು ಸಲ ತೂಗಿತ್ತು. ಅದಕ್ಕೇ ಮೂವತ್ತು ಸೆಕೆಂಡು ಆತು. ನೀನು ನಿನ್ನೆ ಹೆಂಗೆ ಎಣಿಸಿದ್ದೆ?”

“ಎಲ್ರೂ ಎಣಿಸೋ ಹಂಗೆ. ಹೋಗಿದ್ದೊಂದು, ಬಂದಿದ್ದೊಂದು.”

ಅಷ್ಟರಲ್ಲಿ ಡ್ಯೂಟಿ ಮುಗಿಸಿ ಬಗಲಲ್ಲಿ ಚರ್ಮದ ಚೀಲ ಸಿಕ್ಕಿಸಿಕೊಂಡು ಅಪ್ಪ ಬಂದಿದ್ದರು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಪರ ನಿಂತರು. “ಸರಿಯಾಗೇ ಎಣಿಸವ್ನಲ್ಲ! ಹೊಸದುರ್ಗಕ್ಕೆ ಹೋದ್ರೆ ಒಂದು ಸಿಂಗಲ್ಲು, ವಾಪಸ್ ಬಂದ್ರೆ ಇನ್ನೊಂದು ಸಿಂಗಲ್ಲು.”

“ಅಪ್ಪ, ಬಸ್ಸಿಗೆ ಅದು ಸರಿ. ಲೋಲಕಕ್ಕೆ ಹೋಗಿ, ಬಂದು, ಹೊರಟ ಜಾಗಕ್ಕೆ ಸೇರಿದ್ರೆ ಅಷ್ಟೂ ಸೇರಿ ಒಂದು.”

ಭೌತಶಾಸ್ತ್ರದ ಇತಿಹಾಸದಲ್ಲಿ ಲೋ‌ಲಕವನ್ನು ಸಿಂಗಲ್ ಟ್ರಿಪ್ಪಿನಲ್ಲಿ ಎಣಿಸಿದವನು ನಾನೊಬ್ಬನೇ ಇರಬೇಕು. ಕಂಡಕ್ಟರನ ಮನೆಯಲ್ಲಿ ಹುಟ್ಟಿದವನಿಗೆ ಬೇರೆ ಎಣಿಕೆ ಎಲ್ಲಿಂದ ಬರಬೇಕು?

ಶೈಲಾ ತಿಪ್ಪೇಸ್ವಾಮಣ್ಣನ ಮೆಟ್ಟಿಲ ಮೇಲೆ ಕೂತು, ಸೀಮೆಸುಣ್ಣ ಇಲ್ಲದೆ ಇದ್ದಲಿನ ಚೂರಿನಲ್ಲಿ ಬರೆದು ತೋರಿಸಿದಳು. ಒಂದು ಸುತ್ತಿಗೆ ಮೂರು ಸೆಕೆಂಡು ಆಗಬೇಕಾದ ಕಡೆ ಅಣ್ಣ ಒಂದೂವರೆ ಅಂದುಕೊಂಡ. ಕಾಲ ಅರ್ಧವಾಯಿತು. ಸೂತ್ರದಲ್ಲಿ ಕಾಲವನ್ನು ಕಾಲದಿಂದಲೇ ಗುಣಿಸಿ ಅದರಿಂದ ಭಾಗಿಸಬೇಕು. ಅರ್ಧದ ಅರ್ಧ ಎಂದರೆ ಕಾಲು ಭಾಗ. ಭಾಗಿಸುವ ಸಂಖ್ಯೆ ಕಾಲು ಭಾಗವಾದರೆ ಉತ್ತರ ನಾಲ್ಕು ಪಟ್ಟು. ಮೂವತ್ತೊಂಬತ್ತೂವರೆಯನ್ನು ನಾಲ್ಕರಿಂದ ಭಾಗಿಸಿದಳು. ಒಂಬತ್ತು ಪಾಯಿಂಟ್ ಎಂಟರ ಪಕ್ಕಕ್ಕೇ ಬಂದು ನಿಂತಿತು.

ಅಪ್ಪ ಬಗ್ಗಿ ಮೆಟ್ಟಿಲ ಮೇಲಿನ ಲೆಕ್ಕವನ್ನು ಬೆರಳಿಟ್ಟು ಓದಿದರು. “ಅಂದ್ರೆ ಇವ್ನು ಒಬ್ಬ ಪ್ಯಾಸೆಂಜರಿಗೆ ಎರಡು ಟಿಕೆಟ್ ಹರಿದವ್ನೆ” ಎಂದರು.

ಎರಡು ದಿನದ ಮೇಲೆ ವಿಶ್ವವಿದ್ಯಾಲಯದ ಉತ್ತರ ಬಂತು. ಈ ಸಲ ಎರಡು ಸಾಲಲ್ಲ, ಮೂರು. ನಿಮ್ಮ ಪ್ರಬಂಧವನ್ನು ನಮ್ಮ ವಿಭಾಗದವರೆಲ್ಲ ಓದಿ ತುಂಬ ಆನಂದಿಸಿದೆವು. ಅಂಕ, ನಲವತ್ತಕ್ಕೆ ಎರಡು. ಅವು ಉದ್ದವನ್ನು ಸರಿಯಾಗಿ ಅಳೆದದ್ದಕ್ಕೆ.

ಒಟ್ಟು ಇಪ್ಪತ್ತನಾಲ್ಕು. ಕಾಲೇಜಿನಲ್ಲಿ ಬದಲಾಯಿಸಿಕೊಳ್ಳಲು ಮಾರನೆಯ ದಿನವೇ ಕಡೆಯ ದಿನ.

ಮನೆಗೆ ಬರುವ ದಾರಿಯಲ್ಲಿ ವಾದ ಸಿದ್ಧ ಮಾಡಿಕೊಂಡೆ. ‘ಪಾಸು’ ಎಂಬ ಪದವನ್ನು ಅಪ್ಪ ವ್ಯಾಖ್ಯಾನಿಸಿರಲಿಲ್ಲ. ಇಪ್ಪತ್ತನಾಲ್ಕನ್ನು ಯಾವ ದೃಷ್ಟಿಕೋನದಿಂದ ನೋಡಬೇಕು? ಒಳಗೆ ಕಾಲಿಟ್ಟರೆ ಶೈಲಾ ಪ್ರಿಂಟಿನ ಹಾಳೆಗಳನ್ನೆಲ್ಲ ಜೋಡಿಸಿ ದಾರದಿಂದ ಕಟ್ಟುತ್ತಿದ್ದಳು, ಅಟ್ಟಕ್ಕೆ ಹಾಕಲು. ನನ್ನ ಮುಖ ನೋಡಿಯೇ ಗೊತ್ತಾಗಿತ್ತು ಅವಳಿಗೆ. ಗಂಟು ಹಾಕಿ, ತುದಿಯನ್ನು ನೀಟಾಗಿ ಕತ್ತರಿಸಿದಳು.

ನನ್ನ ವಾದವೆಲ್ಲ ಎಲ್ಲಿಗೆ ಹೋಯಿತೋ.

“ಅಪ್ಪ, ನಾನು ಸೋತೆ” ಎಂದೆ.

ಅಮ್ಮ ಒಗ್ಗರಣೆ ಬಿಟ್ಟು ಓಡಿಬಂದು ನನ್ನ ಹಣೆ ಮುಟ್ಟಿ ನೋಡಿದಳು.

“ಜ್ವರ ಇಲ್ಲಮ್ಮ. ಅಪ್ಪ, ಕೇಳು. ಪ್ರಯೋಗಕ್ಕೆ ಬಂದ ಎರಡು ಅಂಕವೂ ನಂದಲ್ಲ. ಅಳೆದಿದ್ದು ಇವಳು. ಪರೀಕ್ಷೆ ಇವಳು ಬರೆದಿದ್ರೆ ಪಾಸಾಗೋಳು. ನಾನು ತಪ್ಪು ಮಾಡ್ತಾ ಹೋದೆ, ಯಾಕೆ ತಪ್ಪು ಅಂತ ಇವಳು ಕಲೀತಾ ಹೋದ್ಲು. ನಂಗೋಸ್ಕರ ಇವಳ್ನ ನಿಲ್ಲಿಸಬ್ಯಾಡ.”

ಅಪ್ಪ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿದರು. “ಅದು ನಂಗೆ ಅವತ್ತು ಮೆಟ್ಲ ಮ್ಯಾಲೇ ಗೊತ್ತಾತು. ಮನೇಲಿ ಫಿಸಿಕ್ಸ್ ಬರೋರು ಒಬ್ರು ಬೇಕು ಅಂದಿದ್ದೆ. ಅದು ನೀನೇ ಆಗಿರ್ಬೇಕು ಅಂತ ಅಂದಿದ್ನಾ?”

ಹನ್ನೊಂದು ಬಹುಮಾನ ಗೆದ್ದವನ ಮನೆಯಲ್ಲಿ ಹನ್ನೆರಡನೆಯದು ಅಪ್ಪನಿಗೆ ಹೋಯಿತು. ಶೈಲಾ ಆಗಲೇ ಕತ್ತರಿ ತೆಗೆದು ಆ ಗಂಟನ್ನೇ ಕತ್ತರಿಸುತ್ತಿದ್ದಳು.

“ನಾಳೆ ನಂಗೆ ಡ್ಯೂಟಿ ಐತೆ” ಎಂದರು ಅಪ್ಪ. “ನೀನೇ ಕರ್ಕಂಡು ಹೋಗು. ಆದ್ರೆ ಅಲ್ಲಿ ಬಾಯಿ ತೆಗೀಬ್ಯಾಡ.”

ಮಾರನೆಯ ದಿನ ಕಾಲೇಜಿನ ಕಚೇರಿಯಲ್ಲಿ ಉದ್ದ ಸಾಲು. ಮುನ್ನೆಚ್ಚರಿಕೆಗೆ ಇರಲಿ ಎಂದು ನಾನು ಜೇಬಿನಲ್ಲಿ ಮೂರು ಪುಟದ ಮನವಿ ಇಟ್ಟುಕೊಂಡಿದ್ದೆ. ನಮ್ಮ ಸರದಿ ಬಂದಾಗ ಗುಮಾಸ್ತರು ಒಂದು ಫಾರಂ ತಳ್ಳಿದರು. ‘ಬದಲಾವಣೆಗೆ ಕಾರಣ’ ಎಂಬುದರ ಮುಂದೆ ಇದ್ದದ್ದು ಒಂದೇ ಒಂದು ಗೆರೆ. ಅದರಲ್ಲೂ ಅರ್ಧ ಗೆರೆಯ ಮೇಲೆ ಶಾಯಿ ಚೆಲ್ಲಿತ್ತು. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಶೈಲಾ ‘ಇಷ್ಟ’ ಎಂದು ಬರೆದು ಸಹಿ ಮಾಡಿ ಮುಗಿಸಿದ್ದಳು.

ಗುಮಾಸ್ತರು ಫಾರಂ ನೋಡಿ, ಸೀಲನ್ನು ಇಂಕಿಗೆ ಒತ್ತಿ, ಕೈ ಎತ್ತಿದವರು ನನ್ನನ್ನು ಕಂಡು ಹಾಗೇ ನಿಂತರು. “ನೀವ್ಯಾರ್ರಿ? ಪೋಷಕರಾ?”

ನಾನು ಅಪ್ಪನ ಮಾತಿನಂತೆ ಬಾಯಿ ಬಿಗಿಹಿಡಿದು ಶೈಲಾಳ ಕಡೆ ನೋಡಿದೆ.

“ನಮ್ಮಣ್ಣ ಸಾರ್” ಎಂದಳು. “ನನ್ನ ಹತ್ರ ಫಿಸಿಕ್ಸ್ ಕಲೀತಾವ್ನೆ.”

ಗುಮಾಸ್ತರು ಕನ್ನಡಕದ ಮೇಲಿನಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. “ಹೆಂಗವ್ನೆ, ಪರವಾಗಿಲ್ವಾ?”

“ಮಾತು ಕಮ್ಮಿ ಮಾಡಿದ್ರೆ ಮುಂದಿನ ವರ್ಷ ಪಾಸಾಗಬಹುದು ಸಾರ್.”

ಈ ಹೇಳಿಕೆಯನ್ನು ಖಂಡಿಸಲು ನನ್ನ ಬಳಿ ತಕ್ಷಣವೇ ಮೂರು ಅಂಶಗಳು ಸಿದ್ಧವಾಗಿದ್ದವು. ಒಂದನ್ನೂ ಹೇಳಲಿಲ್ಲ. ಸೀಲು ಇನ್ನೂ ಅವರ ಕೈಯಲ್ಲೇ ಇತ್ತು!